ಚರ್ಚಿನ ಅಡುಗೆಮನೆಗೆ ಶುದ್ಧಿ

ಸಿಯಾಟಲ್ ನಗರದ ಬಲ್ಲಾರ್ಡ್ ಬಡಾವಣೆಯ ಆ ಚರ್ಚಿನ ಗೋಪುರದೊಳಗೆ ಈಗ ಮೊಬೈಲ್ ಕಂಪನಿಯ ಆಂಟೆನಾ ಇದೆ. ಹೊರಗೆ ಕಾಣುವುದಿಲ್ಲ. ಬಾಡಿಗೆ ಸರಿಯಾಗಿ ಬರುತ್ತದೆ. ಗಂಟೆಯೂ ಇದೆ, ಬಾರಿಸುವುದಿಲ್ಲ. ಎದುರಿನ ಏಳು ಮಹಡಿಯ ಅಪಾರ್ಟ್‌ಮೆಂಟಿನವರು ಭಾನುವಾರದ ನಿದ್ದೆ ಕೆಡುತ್ತದೆಂದು ದೂರು ಕೊಟ್ಟರು. ಅದೇ ಅಪಾರ್ಟ್‌ಮೆಂಟಿನ ಜಾಹೀರಾತಿನಲ್ಲಿ 'ಕಿಟಕಿಯಿಂದ ಹಳೆಯ ಚರ್ಚಿನ ನೋಟ' ಎಂದು ಬರೆದಿದೆ. ಆ ಕಿಟಕಿಯ ಮನೆಗಳಿಗೆ ಬಾಡಿಗೆ ಹೆಚ್ಚು.

ಚರ್ಚನ್ನು ಕಟ್ಟಿದವರು ಮಿಲ್ಲಿನ ಕೂಲಿಗಳು. ಆಗ ಬಲ್ಲಾರ್ಡಿನಲ್ಲಿ ಸೀಡರ್ ಮರ ಸೀಳಿ ಮನೆಯ ಚಾವಣಿಗೆ ಹಲಗೆ ಮಾಡುವ ಮಿಲ್ಲುಗಳಿದ್ದವು. ಗರಗಸದ ಮುಂದೆ ನಿಂತವರ ಬೆರಳು ಹೋಗುತ್ತಿದ್ದವು. ಹತ್ತೂ ಬೆರಳಿದ್ದವನು ಹೊಸಬ ಎಂದು ಲೆಕ್ಕ. ಮಾಲೀಕರ ಚರ್ಚು ಗುಡ್ಡದ ಮೇಲಿತ್ತು. ಅಲ್ಲಿಗೆ ಕೂಲಿಗಳು ಹೋದರೆ ಮರದ ಹುಡಿ, ಮೀನಿನ ವಾಸನೆ ಎಂದು ಕೊನೆಯ ಬೆಂಚಿಗೆ ಕಳಿಸುತ್ತಿದ್ದರು. ಕೂಲಿಗಳು ಕೆಳಗೆ ತಮ್ಮದೇ ಒಂದನ್ನು ಕಟ್ಟಿಕೊಂಡರು. ಇದನ್ನು ಹೇಳುವವಳು ಆಸ್ಟ್ರಿಡ್, ತೊಂಬತ್ತು ದಾಟಿದ ಮುದುಕಿ. ಅವಳ ಅಪ್ಪನ ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಮಾತ್ರ ಉಳಿದಿದ್ದವು.

ಮಿಲ್ಲುಗಳು ಮುಚ್ಚಿದವು. ವಿಮಾನದ ಕಾರ್ಖಾನೆಗೆ ಸೇರಿದ ಮಕ್ಕಳು ಕಾರು ಕೊಂಡು ದೂರದ ಊರುಗಳಲ್ಲಿ ಮನೆ ಮಾಡಿದರು. ಅವರ ಮಕ್ಕಳು ಚರ್ಚನ್ನೇ ಬಿಟ್ಟರು. ಮಿಲ್ಲಿದ್ದ ಜಾಗದಲ್ಲಿ ಬಿಯರ್ ಮನೆಗಳು ಬಂದವು. ಬಂದರಿನಲ್ಲಿ ನಿಂತರೆ ಎಲ್ಲದಕ್ಕಿಂತ ಎತ್ತರಕ್ಕೆ ಕಾಣುತ್ತಿದ್ದ ಗೋಪುರ ಈಗ ಮಧ್ಯಾಹ್ನವಾಗುವ ಮೊದಲೇ ಪಕ್ಕದ ಕಟ್ಟಡದ ನೆರಳಿನೊಳಗೆ ಸೇರುತ್ತದೆ. ಭಾನುವಾರ ಪ್ರಾರ್ಥನೆಗೆ ಬರುವವರು ಒಂದು ಟೆಂಪೋದಲ್ಲಿ ಕೂರುವಷ್ಟು ಜನ. ಚರ್ಚಿಗೆ ಭಕ್ತರಿಗಿಂತ ಬಾಡಿಗೆದಾರರು ಹೆಚ್ಚು. ಮಂಗಳವಾರ ಯೋಗ. ಶುಕ್ರವಾರ ನಾಯಿಗಳಿಗೆ ಶಿಸ್ತಿನ ತರಗತಿ. ಶನಿವಾರ ಪಾರ್ಕಿಂಗ್ ಜಾಗ ಬಿಯರ್ ಮನೆಯ ಗಿರಾಕಿಗಳಿಗೆ. ಹಬ್ಬದ ದಿನಗಳಲ್ಲಿ ಹಾಲ್, ಅಡುಗೆಮನೆ ಎರಡೂ ಕನ್ನಡ ಸಂಘಕ್ಕೆ.

ಎಲ್ಲರೂ ಹೋದ ಮೇಲೆ ಗುಡಿಸುವವಳು ಪ್ರೇಮಮ್ಮ.

ಪ್ರೇಮಮ್ಮ ಬೀದರ್ ಕಡೆಯವಳು. ಅಲ್ಲಿ ಮಿಷನ್ ದವಾಖಾನೆಯಲ್ಲಿ ಆಯಾ ಆಗಿದ್ದಳು. ರೋಗಿಗಳ ಮಲದ ಬೋಗುಣಿ ಎತ್ತಿದಳು, ಹೆಣ ತೊಳೆದಳು. ಮಗಳು ವೇದಾ ನರ್ಸ್ ಆಗಿ ಸಿಯಾಟಲ್‌ಗೆ ಬಂದು ತಾಯಿಯನ್ನು ಕರೆಸಿಕೊಂಡಳು. ಮನೆಯಲ್ಲಿ ಸುಮ್ಮನೆ ಕೂತು ಪ್ರೇಮಮ್ಮನಿಗೆ ಗೊತ್ತಿರಲಿಲ್ಲ. ಚರ್ಚಿನಲ್ಲಿ ಕೆಲಸ ಹಿಡಿದಳು. ಶೌಚಾಲಯ ತೊಳೆಯುವುದು, ನೆಲಕ್ಕೆ ಬ್ಲೀಚ್ ಹಾಕಿ ಉಜ್ಜುವುದು, ಮಡಿಸುವ ಕುರ್ಚಿಗಳನ್ನು ನೆಲಮಾಳಿಗೆಯಿಂದ ಹೊತ್ತು ಮೇಲೆ ತರುವುದು, ಮತ್ತೆ ಕೆಳಗೆ ಇಡುವುದು. ಬಲ ಮಂಡಿ ಬಾತುಕೊಂಡಿರುತ್ತದೆ. ಮೆಟ್ಟಿಲಿಳಿಯುವಾಗ ಅಡ್ಡಡ್ಡ ಇಳಿಯುತ್ತಾಳೆ.

ಅವಳಿಗೆ ಬೇಕಾದ ದಿನ ಒಂದೇ. ಗುರುವಾರ. ಗುರುವಾರ ಸಂಜೆ ನೆಲಮಾಳಿಗೆಯಲ್ಲಿ ಮನೆಯಿಲ್ಲದ ಬೀದಿಯವರಿಗೆ ಬಿಸಿ ಊಟ. ದೊಡ್ಡ ಪಾತ್ರೆಯಲ್ಲಿ ಬೀಫ್ ಸ್ಟ್ಯೂ, ಬ್ರೆಡ್, ಕಾಫಿ. ಮೊದಲು ಆಸ್ಟ್ರಿಡ್ ಮಾಡುತ್ತಿದ್ದಳು. ಅವಳ ಕೈ ನಡುಗತೊಡಗಿದ ಮೇಲೆ ಸೌಟು ಪ್ರೇಮಮ್ಮನಿಗೆ ಬಂತು. ಪ್ರೇಮಮ್ಮ ಸ್ಟ್ಯೂಗೆ ಬ್ಯಾಡಗಿ ಮೆಣಸಿನ ಪುಡಿ ಹಾಕಿದಳು. ಬರುವವರ ಸಂಖ್ಯೆ ಏರಿತು. ಡೆನ್ನಿ ಎಂಬವನು ಎಂದೂ ತಪ್ಪಿಸುವುದಿಲ್ಲ. ಹಿಂದೆ ವಿಮಾನದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ದುಡಿದವನು. ಈಗ ಬೀದಿ ಬದಿ ನಿಲ್ಲಿಸಿದ, ಓಡದ ವ್ಯಾನೊಂದರಲ್ಲಿ ವಾಸ. ನಲ್ಲಿಯಿಲ್ಲ. ದಿನವೂ ಚರ್ಚಿನ ಹಿಂಬಾಗಿಲಿಗೆ ಬಂದು ಕ್ಯಾನಿಗೆ ನೀರು ತುಂಬಿಸಿಕೊಂಡು ಹೋಗುತ್ತಾನೆ.

ಕನ್ನಡ ಸಂಘದವರು ಇರುವುದು ಸರೋವರದ ಆಚೆ, ರೆಡ್ಮಂಡ್, ಈಸ್ಟ್‌ಗೇಟ್ ಕಡೆ. ಅಲ್ಲಿ ಹಾಲ್ ಸಿಗುವುದಿಲ್ಲ, ಸಿಕ್ಕರೆ ದುಬಾರಿ. ಇಲ್ಲಿ ಅಗ್ಗ. ಒಂದೇ ತೊಂದರೆ ಅಡುಗೆಮನೆ. ಅಲ್ಲಿ ದನದ ಮಾಂಸ ಬೇಯುತ್ತದೆ. ಆದ್ದರಿಂದ ಸಂಘವು ಒಂದು ಪದ್ಧತಿ ಮಾಡಿಕೊಂಡಿತ್ತು. ಸ್ವಂತ ಗ್ಯಾಸ್ ಒಲೆ, ಸ್ವಂತ ಪಾತ್ರೆ. ಚರ್ಚಿನ ಕಟ್ಟೆಗಳ ಮೇಲೆಲ್ಲ ಅಲ್ಯೂಮಿನಿಯಂ ಹಾಳೆ. ಅದಕ್ಕೂ ಮೊದಲು ಶುದ್ಧಿ. ಗಂಗಾಜಲಕ್ಕೆ ಗೋಮೂತ್ರದ ಅರ್ಕ ಬೆರೆಸಿ ಮೂಲೆ ಮೂಲೆಗೆ ಚಿಮುಕಿಸಬೇಕು. ದನದ ಮಾಂಸದ ಮೈಲಿಗೆಗೆ ದನದ್ದೇ ಪರಿಹಾರ.

ಸಂಘದ ಅಡುಗೆ ವಿಭಾಗದ ಮುಖ್ಯಸ್ಥೆ ವಸಂತಲಕ್ಷ್ಮಿ. ಊರು ಮೈಸೂರು, ಕೆಲಸ ಡೇಟಾ ವಿಶ್ಲೇಷಣೆ. ಮೊದಲ ಭೇಟಿಯಲ್ಲೇ ಪ್ರೇಮಮ್ಮನ ಕನ್ನಡ ಕೇಳಿ ಕುಣಿದುಬಿಟ್ಟಿದ್ದಳು.

"ಅಯ್ಯೋ, ನಮ್ಮೋರಾ ನೀವು! ಯಾವ ಕಡೆ ಆಂಟಿ?"

"ಬೀದರ್ ಬಾಜೂಕ ಹಳ್ಳಿರಿ ಮೇಡಂ."

"ಬೀದರ್ ಅಂದ್ರೆ... ಬಸವಣ್ಣನೋರ ಕಡೆ. ಅಂದ್ರೆ ನಿಮ್ಮಲ್ಲಿ ಎಲ್ಲಾ... ಹಾಂ, ಗೊತ್ತಾಯ್ತು ಗೊತ್ತಾಯ್ತು."

ಏನು ಗೊತ್ತಾಯಿತೆಂದು ಪ್ರೇಮಮ್ಮ ಕೇಳಲಿಲ್ಲ. ಮಗಳ ಹೆಸರು ವೇದಾ ಎಂದು ತಿಳಿದ ಮೇಲೆ ವಸಂತಲಕ್ಷ್ಮಿಗೆ ಉಳಿದಿದ್ದ ಅನುಮಾನವೂ ಹೋಯಿತು. ಪಾಪ, ಹೊಟ್ಟೆಪಾಡಿಗೆ ಚರ್ಚಿನಲ್ಲಿ ಕಸ ಹೊಡೆಯುತ್ತಿದ್ದಾರೆ ಎಂದು ಸಮಿತಿಯ ಸಭೆಯಲ್ಲಿ ಹೇಳಿದಳು. ಪ್ರೇಮಮ್ಮ ಪ್ರತಿ ಭಾನುವಾರ ಅದೇ ಚರ್ಚಿನ ಎರಡನೆಯ ಬೆಂಚಿನಲ್ಲಿ ಕೂತು ಪ್ರಾರ್ಥಿಸುತ್ತಾಳೆಂದು ಅವರಿಗೆ ಹೊಳೆಯಲೇ ಇಲ್ಲ. ಭಾನುವಾರ ಆ ಕಡೆ ಅವರ್‍ಯಾರೂ ಬಂದವರಲ್ಲ.

ಶುದ್ಧಿಯ ಕೆಲಸ ಮೊದಲ ವರ್ಷ ಸಮಿತಿಯವರೇ ಮಾಡಿದರು. ಎರಡನೆಯ ವರ್ಷ ಸರೋವರದ ಸೇತುವೆಯ ಮೇಲೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರು. ಆಗ ವಸಂತಲಕ್ಷ್ಮಿಗೆ ಒಂದು ಉಪಾಯ ಹೊಳೆಯಿತು. ಸಾಫ್ಟ್‌ವೇರಿನವರಿಗೆ ಸಹಜವಾಗಿ ಹೊಳೆಯುವ ಉಪಾಯ. ಬಾಟಲಿಯನ್ನು ಪ್ರೇಮಮ್ಮನ ಕೈಗೆ ಕೊಟ್ಟಳು.

"ಆಂಟಿ, ನೀವು ಹೇಗೂ ಇಲ್ಲೇ ಇರ್ತೀರ. ಹಿಂದಿನ ದಿನಾನೇ ಪ್ರೋಕ್ಷಣೆ ಮಾಡಿಬಿಡಿ. ಬೇಳೆ ನೆನೆಹಾಕಿ, ತರಕಾರಿ ಹೆಚ್ಚಿಡಿ. ನಮಗೆ ಎಷ್ಟೋ ಟೈಮ್ ಸೇವ್ ಆಗುತ್ತೆ."

ಮೈಲಿಗೆ ತೆಗೆಯುವ ಕೆಲಸವೂ ಹೀಗೆ ಹೊರಗುತ್ತಿಗೆಗೆ ಹೋಯಿತು. ಪ್ರೇಮಮ್ಮ ಬಾಟಲಿ ತೆಗೆದುಕೊಂಡಳು. ಚರ್ಚಿಗೆ ಬಾಡಿಗೆ ಬೇಕಿತ್ತು, ಬಾಡಿಗೆ ನಿಂತರೆ ಗುರುವಾರ ನಿಲ್ಲುತ್ತಿತ್ತು. ಹಾಲ್‌ನ ಗೋಡೆಯ ಮೇಲಿನ ಶಿಲುಬೆ ಕಾಣದಂತೆ ಹಳದಿ ಕೆಂಪು ಪರದೆ ಕಟ್ಟಲು ಏಣಿ ಹತ್ತುತ್ತಿದ್ದವಳೂ ಅವಳೇ.

2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ಕಾನೂನಿನಿಂದ ನಿಷೇಧಿಸಿತು. ಸಂಘ ಅದೇ ಹಾಲ್‌ನಲ್ಲಿ ತುರ್ತು ಸಭೆ ಸೇರಿತು. ಅಧ್ಯಕ್ಷ ಬಾಲಕೃಷ್ಣ, ರೆಡ್ಮಂಡಿನ ಸಾಫ್ಟ್‌ವೇರ್ ಮ್ಯಾನೇಜರು, ನೊಂದು ಮಾತನಾಡಿದ. "ಇಲ್ಲಿ ಜಾತಿ ಎಲ್ಲಿದೆ ಸ್ವಾಮಿ? ಇಪ್ಪತ್ತು ವರ್ಷದಲ್ಲಿ ನಾನಂತೂ ನೋಡಿಲ್ಲ." ಎಲ್ಲರೂ ತಲೆಯಾಡಿಸಿದರು. ಸಂಘದಲ್ಲಿ ಜಾತಿ ಇಲ್ಲವೆಂದು ಒಮ್ಮತದ ನಿರ್ಣಯವಾಯಿತು. ಆ ಸಭೆಯ ಕಾಫಿಯನ್ನೂ ಸಂಘದ ಸ್ವಂತ ಒಲೆಯ ಮೇಲೆ, ಅಲ್ಯೂಮಿನಿಯಂ ಹಾಳೆ ಹಾಸಿಯೇ ಕಾಯಿಸಲಾಯಿತು.

ಚರ್ಚಿನ ಚಾವಣಿ ಸೋರತೊಡಗಿದಾಗ ಬಾಲಕೃಷ್ಣ ಪಾಸ್ಟರ್ ಕ್ಯಾರಲಿನ್ ಬಳಿ ಒಂದು ಪ್ರಸ್ತಾಪ ತಂದ. ಸಂಘ ಮೂರು ವರ್ಷಕ್ಕೆ ಹಾಲ್, ಅಡುಗೆಮನೆ, ನೆಲಮಾಳಿಗೆ ಹಿಡಿಯುತ್ತದೆ. ಆ ಬಾಡಿಗೆಯಲ್ಲಿ ಚಾವಣಿ ರಿಪೇರಿ. ಷರತ್ತು ಎರಡೇ. ಅಡುಗೆಮನೆ ಪೂರ್ತಿ ಸಸ್ಯಾಹಾರಿ ಆಗಬೇಕು. 'ಅಪರಿಚಿತರು' ಕಟ್ಟಡದೊಳಗೆ ಬರಬಾರದು, ಮಕ್ಕಳ ಸುರಕ್ಷತೆಯ ಪ್ರಶ್ನೆ.

ಪಾಸ್ಟರ್ ಕ್ಯಾರಲಿನ್ ಒಳ್ಳೆಯ ಹೆಂಗಸು. ಯಾರಿಗೂ ಇಲ್ಲವೆಂದು ಹೇಳಿ ಗೊತ್ತಿಲ್ಲದಷ್ಟು ಒಳ್ಳೆಯವಳು. ಬೇರೆ ಧರ್ಮದವರ ಆಚಾರವನ್ನು ಗೌರವಿಸಬೇಕೆಂಬುದು ಅವಳ ದೃಢ ನಂಬಿಕೆ. ಆಚಾರ ಏನೆಂದು ಕೇಳುವುದು ಅಗೌರವವೆಂದೂ ನಂಬಿದ್ದಳು.

"ಗುರುವಾರ?" ಎಂದು ಪ್ರೇಮಮ್ಮ ಅವಳನ್ನು ಕೇಳಿದಳು.

"ಗುರುವಾರ ನಿಲ್ಲುವುದಿಲ್ಲ ಪ್ರೇಮಾ. ಹೊಸ ರೂಪ ಪಡೆಯುತ್ತದೆ. ಫುಟ್‌ಪಾತಿನ ಮೇಲೆ ತಣ್ಣನೆಯ ಸ್ಯಾಂಡ್‌ವಿಚ್ ಹಂಚುತ್ತೇವೆ."

"ಮಳೆ ಬಂದರೆ?"

ಅರ್ಧ ವರ್ಷ ಮಳೆ ಹನಿಯುವ ಸಿಯಾಟಲ್‌ನಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಪಾಸ್ಟರ್ ಕಣ್ಣುಮುಚ್ಚಿ ಯೋಚಿಸಿದಳು.

"ಛತ್ರಿಗಳ ಬಗ್ಗೆ ಒಂದು ಸಮಿತಿ ಮಾಡೋಣ."

ಕರಾರಿಗೆ ಸಹಿ ರಾಜ್ಯೋತ್ಸವದ ವೇದಿಕೆಯ ಮೇಲೆ ಎಂದು ತೀರ್ಮಾನವಾಯಿತು. ಮರುದಿನ ಭಾನುವಾರ ಚರ್ಚಿನ ಸದಸ್ಯರು ಕೈಯೆತ್ತಿ ಒಪ್ಪಬೇಕು. ಅದೊಂದು ಶಾಸ್ತ್ರ.

ನವೆಂಬರಿನ ಆ ಶನಿವಾರ ಹಾಲ್ ತುಂಬಿತ್ತು. ಅಡುಗೆಮನೆಯಲ್ಲಿ ಎರಡು ದೊಡ್ಡ ಪಾತ್ರೆ ಬಿಸಿಬೇಳೆಬಾತ್ ಹಬೆಯಾಡುತ್ತಿತ್ತು. ಬೇಳೆ ತೊಳೆದವಳು, ಹುರುಳಿಕಾಯಿ, ಕ್ಯಾರೆಟ್ ಹೆಚ್ಚಿದವಳು, ಹುಣಸೆಹಣ್ಣು ಕಿವುಚಿದವಳು ಪ್ರೇಮಮ್ಮ. ಒಗ್ಗರಣೆ ಹಾಕಿ ಫೋಟೋ ತೆಗೆಸಿಕೊಂಡವಳು ವಸಂತಲಕ್ಷ್ಮಿ.

ಎಡವಟ್ಟು ಮಾಡಿದ್ದು ಪಾಸ್ಟರ್. ಅಡುಗೆಗೆ ಮೊದಲು ಏನೋ ಪವಿತ್ರ ವಿಧಿ ಇದೆಯೆಂದು ಕೇಳಿದ್ದಳು. ಹೊಸ ಸಂಬಂಧದ ಶುಭಾರಂಭಕ್ಕೆ ಅದನ್ನು ಎಲ್ಲರೆದುರು ಇನ್ನೊಮ್ಮೆ ಮಾಡಿ ತೋರಿಸಬೇಕು, ತಾನು ವೀಡಿಯೊ ಮಾಡಿ ಚರ್ಚಿನ ಪುಟಕ್ಕೆ ಹಾಕುತ್ತೇನೆ ಎಂದು ಕೇಳಿಕೊಂಡಳು. ವಸಂತಲಕ್ಷ್ಮಿ ಒಂದು ಕ್ಷಣ ತಡವರಿಸಿದಳು. ಆಮೇಲೆ ಸೆರಗು ಸರಿ ಮಾಡಿಕೊಂಡಳು.

"ಇದು ಪಾಸಿಟಿವ್ ಎನರ್ಜಿಗೆ," ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು.

ಎಲ್ಲರೂ ಅಡುಗೆಮನೆಗೆ ಬಂದರು. ಬಾಲಕೃಷ್ಣ, ಖಜಾಂಚಿ ಶ್ರೀವಿದ್ಯಾ, ಫೋನ್ ಎತ್ತಿ ಹಿಡಿದ ಪಾಸ್ಟರ್, ವಾಕರ್ ಊರಿಕೊಂಡು ಆಸ್ಟ್ರಿಡ್. ವಸಂತಲಕ್ಷ್ಮಿ ಬಾಟಲಿಯನ್ನು ಪ್ರೀತಿಯಿಂದ ಪ್ರೇಮಮ್ಮನ ಕೈಯಲ್ಲಿಟ್ಟಳು. "ಆಂಟಿ ಕೈಗುಣ ಚೆನ್ನಾಗಿದೆ. ನೀವೇ ಮಾಡಿ."

ಪ್ರೇಮಮ್ಮ ಮುಚ್ಚಳ ತೆಗೆದಳು. ಅಷ್ಟರಲ್ಲಿ ಹಿಂಬಾಗಿಲು ತೆರೆಯಿತು. ಡೆನ್ನಿ ಕ್ಯಾನ್ ಹಿಡಿದು ನೀರಿಗೆ ಬಂದಿದ್ದ. ಇಷ್ಟು ರೇಷ್ಮೆ ಸೀರೆ ನೋಡಿ ಹೊಸಿಲ ಬಳಿಯೇ ನಿಂತ. ಟೋಪಿ ತೆಗೆದ.

ವಸಂತಲಕ್ಷ್ಮಿ ನಗು ಕೆಡಿಸಿಕೊಳ್ಳದೆ ಕನ್ನಡದಲ್ಲಿ ಹೇಳಿದಳು. "ಆಂಟಿ, ಆ ಮನುಷ್ಯ ನಿಂತಿದಾನಲ್ಲ, ಅಲ್ಲಿಗೂ ಒಂಚೂರು ಚಿಮುಕಿಸಿಬಿಡಿ."

ಪ್ರೇಮಮ್ಮ ಡೆನ್ನಿಯ ಕಾಲ ಕೆಳಗಿನ ನೆಲ ನೋಡಿದಳು. ಬೆಳಿಗ್ಗೆ ಮಂಡಿಯೂರಿ ಅವಳೇ ಉಜ್ಜಿದ ನೆಲ.

"ನಾ ಚಿಮಕ್ಸಂಗಿಲ್ಲ."

"ಏನಾಂಟಿ?"

"ಚಿಮಕ್ಸಂಗಿಲ್ಲ ಅಂದೆ. ಕಿವಿ ಕೇಳ್ಸಂಗಿಲ್ಲೇನು?"

ಪಾಸ್ಟರ್ ನಗುಮುಖದಿಂದ ವೀಡಿಯೊ ಮಾಡುತ್ತಲೇ ಇದ್ದಳು. ಇದೂ ಮಂತ್ರವೆಂದುಕೊಂಡಳು.

ವಸಂತಲಕ್ಷ್ಮಿ ಹತ್ತಿರ ಸರಿದು ದನಿ ತಗ್ಗಿಸಿದಳು. "ಯಾಕಾಂಟಿ? ಮನೇಲಿ ಸೂತಕ ಏನಾದ್ರೂ ಇದ್ಯಾ? ಮೊದ್ಲೇ ಹೇಳೋದಲ್ವಾ?"

ಪ್ರೇಮಮ್ಮ ಬಾಟಲಿಯನ್ನು ಕಟ್ಟೆಯ ಮೇಲೆ ಕುಕ್ಕಿದಳು. ಅಲ್ಯೂಮಿನಿಯಂ ಹಾಳೆ ಹರಿಯಿತು.

"ಹೌದು ತಂಗಿ, ಸೂತಕ ಅದ. ಹುಟ್ಟಿದಾಗಿಂದ ಅದ. ನಮ್ಮವ್ವಗಿತ್ತು, ನನಗದ, ನನ್ನ ಮಗಳಿಗದ. ನಾವು ಮಾದಿಗ್ರು. ನಮ್ಮಜ್ಜ ಸತ್ತ ದನ ಎಳದು ತೊಗಲು ಹದ ಮಾಡ್ತಿದ್ದ. ಮಿಷನ್ ದೊರಿ ಬಂದು ತಲಿ ಮ್ಯಾಲ ನೀರು ಹಾಕ್ದ, ಕಿರಿಸ್ತಾನ್ರಾದೆವು. ಊರಾಗ ಬಾವಿ ನೀರು ಮಾತ್ರ ಆಮ್ಯಾಲೂ ನಮ್ಮ ಬೊಗಸಿಗಿ ಮ್ಯಾಲಿಂದೇ ಸುರುವಿದ್ರು. ನೀ ಇಲ್ಲಿ ಬಾಟ್ಲಿ ತಂದಿದಿ. ಅಷ್ಟೇ ಫರಕು."

ವಸಂತಲಕ್ಷ್ಮಿ ಒಂದು ಹೆಜ್ಜೆ ಹಿಂದೆ ಸರಿದಳು. ಬೇಕೆಂದು ಸರಿದದ್ದಲ್ಲ. ಕಾಲು ತಾನಾಗಿಯೇ ಸರಿಯಿತು. ಕಾಲಿಗೆ ಸಂಘದ ನಿರ್ಣಯ ಗೊತ್ತಿರಲಿಲ್ಲ.

"ಹಾಗಾದ್ರೆ ಇಷ್ಟು ವರ್ಷ... ನೀವೇ ಪ್ರೋಕ್ಷಣೆ ಮಾಡಿದ್ದಾ?"

"ಯಾರು ಮಾಡ್ಯಾರ? ನಾ ಮಾಡಿಲ್ಲ. ಆ ಗಿಡಕ್ಕ ಹಾಕೀನಿ."

ಎಲ್ಲರೂ ಕಿಟಕಿಯತ್ತ ತಿರುಗಿದರು. ಕುಂಡದಲ್ಲಿ ಕೆಂಪು ಜೆರೇನಿಯಂ ಸೊಕ್ಕಿ ಬೆಳೆದಿತ್ತು.

"ಮತ್ತ ನೀವು ಉಂಡ ಬ್ಯಾಳಿ ನಾನೇ ತೊಳದಿದ್ದು. ಹೋಳಿಗಿ ಹೂರ್ಣ ನಾನೇ ರುಬ್ಬಿದ್ದು. ಕೈಗುಣ ಛಲೋ ಅದ ಅಂತ ನೀನೇ ಅಂದಿ. ಯಾರಿಗೆ ಏನಾಗ್ಯದ, ಹೇಳ್ರಿ."

"ನನಗೆ ಹೋದ ಯುಗಾದಿಗೆ ಹೊಟ್ಟೆ ಸರಿ ಇರ್ಲಿಲ್ಲ," ಎಂದಳು ಶ್ರೀವಿದ್ಯಾ.

"ಏನು ಹೇಳುತ್ತಿದ್ದಾಳೆ?" ಎಂದು ಆಸ್ಟ್ರಿಡ್ ಇಂಗ್ಲಿಷಿನಲ್ಲಿ ಕೇಳಿದಳು. ಪ್ರೇಮಮ್ಮ ತನಗೆ ಬರುವ ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಇಟ್ಟು ಹೇಳಿದಳು. "ಈ ನೀರು ಕೊಳೆ ತೆಗೆಯಲು. ಕೊಳೆ ನಾನು. ಕೊಳೆ ಡೆನ್ನಿ. ಇಲ್ಲಿ ಅಡುಗೆ ಮಾಡಿದೆಯಲ್ಲ ಆಸ್ಟ್ರಿಡ್, ನೀನೂ ಕೊಳೆ. ಪಾಸ್ಟರ್, ನೀವೂ."

ಪಾಸ್ಟರಿನ ಫೋನ್ ಕೆಳಗಿಳಿಯಿತು.

ಮೊದಲು ಚೇತರಿಸಿಕೊಂಡವನು ಬಾಲಕೃಷ್ಣ. ಬಿಕ್ಕಟ್ಟು ನಿಭಾಯಿಸಿ ಬಡ್ತಿ ಪಡೆದವನು. "ಆಂಟಿ, ಪ್ಲೀಸ್. ಜಾತಿ ವಿಷಯನೇ ಅಲ್ಲ ಇದು. ನೀವು ಯಾರಾದ್ರೂ ನಮಗೇನು? ಇಶ್ಯೂ ಇರೋದು ಪ್ರೋಸೆಸ್‌ದು. ಮಾಡ್ತೀನಿ ಅಂತ ಒಪ್ಕೊಂಡು ನೀವು ಮಾಡಿಲ್ಲ. ಟ್ರಸ್ಟ್ ಹೋಯ್ತು."

"ಜಾತಿ ಇಲ್ಲಂದ್ರ ಛಲೋ ಆಯ್ತು. ಬಾ ಅಣ್ಣ, ತಾಟು ತಗೋ." ಪ್ರೇಮಮ್ಮ ಸೌಟಿನಲ್ಲಿ ಬಿಸಿಬೇಳೆಬಾತ್ ಎತ್ತಿ ತಟ್ಟೆಗೆ ಬಡಿಸಿ ಅವನ ಮುಂದೆ ಹಿಡಿದಳು. "ಉಣ್ಣು. ಎಲ್ಲರ ಮುಂದ ಉಣ್ಣು."

ಹಬೆ ಬಾಲಕೃಷ್ಣನ ಕನ್ನಡಕಕ್ಕೆ ಕವಿಯಿತು.

"ನಾನು ಈಗ ಇಂಟರ್‌ಮಿಟೆಂಟ್ ಫಾಸ್ಟಿಂಗ್ ಮಾಡ್ತಿದೀನಿ," ಎಂದ.

ಸಮಿತಿ ಕಾರಿಡಾರಿನಲ್ಲಿ ತುರ್ತಾಗಿ ಸೇರಿತು. ತಾಂತ್ರಿಕ ಕಾರಣದಿಂದ ಬಿಸಿಬೇಳೆಬಾತ್ ಲಭ್ಯವಿಲ್ಲ ಎಂದು ಮೈಕಿನಲ್ಲಿ ಘೋಷಣೆಯಾಯಿತು. ಪಕ್ಕದ ಬಿಯರ್ ಮನೆಯಿಂದ ಚೀಸ್ ಪಿಜ್ಜಾ ತರಿಸಿದರು. ಅಲ್ಲಿ ಇರುವುದು ಒಂದೇ ಒಲೆ. ಅದರಲ್ಲೇ ಹಂದಿಮಾಂಸದ ಸಾಸೇಜ್ ಪಿಜ್ಜಾವೂ ಬೇಯುತ್ತದೆ, ಅದೇ ಚಾಕುವಿನಲ್ಲಿ ಕತ್ತರಿಸುತ್ತಾರೆ. ಪಿಜ್ಜಾದ ಮೇಲೆ ಯಾರೂ ನೀರು ಚಿಮುಕಿಸಲಿಲ್ಲ. ಒಂದು ಚೂರೂ ಉಳಿಯಲಿಲ್ಲ. ವೇದಿಕೆಯ ಮೇಲೆ ಮಕ್ಕಳು, ಜಾತಿ ಬೇಡ ಎನ್ನುವ ಕಿರುನಾಟಕ ಆಡಿದರು. ಅದಕ್ಕೆ ದಿನದ ಅತಿ ದೊಡ್ಡ ಚಪ್ಪಾಳೆ ಬಿತ್ತು.

ಕರಾರಿಗೆ ಸಹಿ ಆಗಲಿಲ್ಲ. ಅಡುಗೆಮನೆಯನ್ನು ಚರ್ಚು ಬೇರೆಯವರಿಂದ ಶುದ್ಧಿ ಮಾಡಿಸಿ, 'ಆ ಉದ್ಯೋಗಿ'ಯನ್ನು ಅಲ್ಲಿಂದ ದೂರವಿಟ್ಟರೆ ಮಾತ್ರ ಮುಂದುವರಿಯಬಹುದು ಎಂದು ಬಾಲಕೃಷ್ಣ ಪಾಸ್ಟರಿಗೆ ತಿಳಿಸಿದ. ಹೊರಡುವಾಗ ವಸಂತಲಕ್ಷ್ಮಿ ಅಡುಗೆಮನೆಯ ಬೀಗದ ಕೈ ಮರಳಿಸಿದಳು. ಪ್ರೇಮಮ್ಮ ಕೈ ಚಾಚಿದ್ದಳು. ವಸಂತಲಕ್ಷ್ಮಿ ಕೀಲಿಯನ್ನು ಕಟ್ಟೆಯ ಅಂಚಿಗೆ ಇಟ್ಟು ಹೋದಳು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಸದಸ್ಯರು ಉಳಿದರು. ಮಳೆ ಸುರಿಯುತ್ತಿತ್ತು. ಬಲಿಪೀಠದ ಪಕ್ಕದ ಬಕೆಟಿಗೆ ಚಾವಣಿಯ ನೀರು ತೊಟ್ಟಿಕ್ಕುತ್ತಿತ್ತು. ಎರಡೂ ಕಡೆಯವರಿಗೆ ನೋವಾಗಿದೆ, ಎಲ್ಲರೂ ವೃತ್ತಾಕಾರವಾಗಿ ಕೂತು ಪರಸ್ಪರ ಆಲಿಸೋಣ, ಅಲ್ಲಿಯವರೆಗೆ ಪ್ರೇಮಾ ಅಡುಗೆಮನೆಯಿಂದ ಸ್ವಲ್ಪ ವಿರಾಮ ತೆಗೆದುಕೊಳ್ಳಲಿ ಎಂದು ಪಾಸ್ಟರ್ ಸೂಚಿಸಿದಳು.

"ನಾನು ಆಲಿಸಿದೆ," ಎಂದಳು ಆಸ್ಟ್ರಿಡ್. "ಗುಡ್ಡದ ಮೇಲಿನ ಚರ್ಚಿನವರು ನಮ್ಮಪ್ಪನಿಗೂ ಹೀಗೇ ಹೇಳಿದ್ದರು. ಸ್ವಲ್ಪ ಹಿಂದೆ ಕೂತುಕೋ, ಸದ್ಯಕ್ಕೆ, ಎಂದು. ಈ ಕರಾರು ಬೇಡ ಎನ್ನುವವರು ಕೈ ಎತ್ತಿ."

ಅವಳೇ ಮೊದಲು ಎತ್ತಿದಳು. ನಡುವಿನ ಮೂರು ಬೆರಳು ಮಡಚಿ, ಹೆಬ್ಬೆರಳು ಕಿರುಬೆರಳು ಮಾತ್ರ ನಿಲ್ಲಿಸಿ. ಪ್ರೇಮಮ್ಮ ಎರಡನೆಯ ಬೆಂಚಿನಿಂದ ಕೈ ಎತ್ತಿದಳು. ಹಿಂದೆ ಒಂದೊಂದಾಗಿ ಮುದಿ ಕೈಗಳು ಎದ್ದವು. ಕೊನೆಗೆ ಪಾಸ್ಟರ್, ಯಾರಿಗೂ ಇಲ್ಲವೆನ್ನಲಾರದೆ, ತಾನೂ ಎತ್ತಿದಳು.

ಇದರಿಂದ ಚಾವಣಿ ಸೋರುವುದು ನಿಲ್ಲಲಿಲ್ಲ. ಅಪಾರ್ಟ್‌ಮೆಂಟ್ ಕಟ್ಟುವವನೊಬ್ಬ ಎರಡು ಸಲ ಬಂದು ಜಾಗ ಅಳೆದು ಹೋಗಿದ್ದಾನೆ. ನೆಲಮಹಡಿಯಲ್ಲಿ ಚರ್ಚಿಗೊಂದು ಕೋಣೆ ಬಿಡುತ್ತಾನಂತೆ, ನಾಯಿ ತೊಳೆಯುವ ಕೋಣೆಯ ಪಕ್ಕ. ಕನ್ನಡ ಸಂಘ ಈಸ್ಟ್‌ಗೇಟ್ ಕಡೆಯ ಒಂದು ಶಾಲೆಯ ಊಟದ ಹಾಲ್‌ಗೆ ಹೋಯಿತು. ಅಲ್ಲಿ ವಾರದ ಐದೂ ದಿನ ಬೀಫ್ ಬರ್ಗರ್. ನೆಲದ ಮೇಲೆ ನೀರು ಚಿಮುಕಿಸಿದರೆ ಜಾರಿ ಬೀಳುತ್ತಾರೆಂದು ಶಾಲೆಯವರು ಬಿಡಲಿಲ್ಲ. ಶುದ್ಧಿ ಐಚ್ಛಿಕ ಎಂದು ಸಂಘ ತೀರ್ಮಾನಿಸಿತು.

ಉಳಿದ ಬಿಸಿಬೇಳೆಬಾತನ್ನು ಪ್ರೇಮಮ್ಮ ಶನಿವಾರವೇ ಡಬ್ಬಿಗಳಿಗೆ ತುಂಬಿ ಫ್ರೀಜರಿನಲ್ಲಿ ಇಟ್ಟಿದ್ದಳು. ಗುರುವಾರ ತೆಗೆದು, ಸಂಘದ ಅವೇ ಎರಡು ದೊಡ್ಡ ಪಾತ್ರೆಗಳಲ್ಲಿ ಬಿಸಿನೀರು ಬೆರೆಸಿ ಕಾಯಿಸಿ, ಹೊಸದಾಗಿ ತುಪ್ಪ, ಗೋಡಂಬಿ ಒಗ್ಗರಣೆ ಹಾಕಿದಳು. ಡೆನ್ನಿ ಮೊದಲ ಚಮಚಕ್ಕೇ ಬೆವರಿದ.

"ಇಷ್ಟು ಚೆನ್ನಾಗಿರುವುದನ್ನು ಆ ಜನ ಯಾಕೆ ಬಿಟ್ಟುಹೋದರು?"

"ನನ್ನ ಕೈ ತಗಲಿತ್ತು."

ಡೆನ್ನಿ ಅವಳ ಕೈ ನೋಡಿದ. ಬ್ಲೀಚಿಗೆ ಬಿರಿದ ಬೆರಳು, ಮಸಾಲೆಯ ಹಳದಿ. ಅವನಿಗೆ ಅರ್ಥವಾಗಲಿಲ್ಲ. ತಟ್ಟೆ ಮುಂದೆ ಚಾಚಿದ. "ಇನ್ನೊಂದು ಸೌಟು."

ರಾತ್ರಿಗೆ ವ್ಯಾನಿಗೆ ಒಯ್ಯುವವರಿಗೆ ಕಟ್ಟಿಕೊಡಲು ಸಂಘದವರು ಬಿಟ್ಟುಹೋದ ಅಲ್ಯೂಮಿನಿಯಂ ಹಾಳೆ ಬೇಕಾದಷ್ಟಿತ್ತು. ಪ್ರೇಮಮ್ಮ ಉದ್ದುದ್ದ ಹರಿದು ಪೊಟ್ಟಣ ಕಟ್ಟಿದಳು. ಬಿಸಿ ಚೆನ್ನಾಗಿ ನಿಲ್ಲುತ್ತಿತ್ತು.

ಪಾತ್ರೆಗಳು ಖಾಲಿಯಾಗುವ ಹೊತ್ತಿಗೆ ವಸಂತಲಕ್ಷ್ಮಿಯ ಫೋನ್ ಬಂತು. ದನಿ ಬಹಳ ನಯವಾಗಿತ್ತು.

"ಆಂಟಿ, ಚೆನ್ನಾಗಿದೀರಾ? ನಮ್ಮ ಎರಡು ದೊಡ್ಡ ಪಾತ್ರೆ ಅಲ್ಲೇ ಉಳಿದಿವೆ. ಸಂಘದ್ದು. ಚೆನ್ನಾಗಿ ಮೂರು ಸಲ ತೊಳೆದು ಹೊರಗಡೆ ಇಟ್ಟಿರ್ತೀರಾ? ಯಾರನ್ನಾದ್ರೂ ಕಳಿಸ್ತೀವಿ, ತಗೊಂಡು ಹೋಗ್ತಾರೆ."

ಪ್ರೇಮಮ್ಮ ಮಂಡಿಯ ಮೇಲೆ ಕೈಯೂರಿ ಸ್ಟೂಲಿನ ಮೇಲೆ ಕೂತಳು. ಬುಡಕ್ಕೆ ಅಂಟಿದ ಅನ್ನ ಒಣಗುತ್ತಿತ್ತು.

"ನಾ ತೊಳ್ಯಂಗಿಲ್ಲ. ನೀನೇ ಬಾ ತಂಗಿ. ತಿಕ್ಕಿ ತೊಳಕೊಂಡು ಒಯ್ಯಿ. ಸಾಬೂನು ನಾ ಕೊಡ್ತೀನಿ."

ಯಾರೂ ಬರಲಿಲ್ಲ. ಪ್ರೇಮಮ್ಮ ವಾರವಿಡೀ ಕಾದಳು. ಆಮೇಲೆ ತನ್ನ ಕೆಲಸಕ್ಕೆಂದು ತಾನೇ ತೊಳೆದುಕೊಂಡಳು. ಮುಂದಿನ ಗುರುವಾರ ಆ ಪಾತ್ರೆಯಲ್ಲಿ ಬೀಫ್ ಸ್ಟ್ಯೂ ಬೆಂದಿತು.